ಹಳೆಯ ಲ್ಯಾಪ್‌ಟಾಪಿನ ಭಾರವನ್ನು ಇಳಿಸುವ ಬಗೆ

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಅನುಕೂಲವುಳ್ಳವರಿಗಾಗಿ ಬರೆದ ಲೇಖನವಲ್ಲ ಇದು. ಒಂದೂಕಾಲು ಕಿಲೋ ತೂಗುವ ತೆಳ್ಳನೆಯ ಯಂತ್ರಗಳು ಇಂದು ಅಂಗಡಿಗಳಲ್ಲಿ ಬೇಕಾದಷ್ಟಿವೆ. ಹಣವಿದ್ದವರು ಅವನ್ನು ಕೊಂಡು ಸುಖವಾಗಿರಲಿ. ನಮ್ಮ ಕಾಲೇಜಿನಲ್ಲಿ ಬಹುಮಂದಿಯ ಬಳಿ ಇರುವುದು ಅಣ್ಣನೋ ಚಿಕ್ಕಪ್ಪನೋ ಬಳಸಿ ಬಿಟ್ಟದ್ದು, ಇಲ್ಲವೆ ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ತಂದ ಸೆಕೆಂಡ್‌ಹ್ಯಾಂಡ್ ಮಾಲು. ಮೇಜಿನ ಮೇಲಿಟ್ಟು ಕೆಲಸ ಮಾಡುವವರೆಗೆ ಅದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆಗೆ ಹೊರಟಾಗಲೇ ಅದರ ನಿಜವಾದ ಗುಣ ತಿಳಿಯುವುದು.

ನನಗೆ ಅದು ತಿಳಿದದ್ದು ಬಳ್ಳಿಗಾವಿಯ ದಾರಿಯಲ್ಲಿ. ಇತಿಹಾಸದ ಕಿರುಪ್ರಬಂಧಕ್ಕಾಗಿ ಶಿಕಾರಿಪುರ ತಾಲ್ಲೂಕಿನ ಕೆಲವು ವೀರಗಲ್ಲುಗಳನ್ನು ಆರಿಸಿಕೊಂಡಿದ್ದೆ. ಈ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿವೆ. ಕಲ್ಲಿನ ಮುಂದೆ ನಿಂತು ಅಚ್ಚಾದ ಪಾಠವನ್ನೂ ಕಲ್ಲಿನ ಅಕ್ಷರವನ್ನೂ ಒಂದಕ್ಕೊಂದು ಹೋಲಿಸಿ ನೋಡಬೇಕು; ತೆಗೆದ ಚಿತ್ರವನ್ನು ಅಲ್ಲಿಯೇ ಹಿಗ್ಗಿಸಿ ಪರೀಕ್ಷಿಸಬೇಕು; ಸಂದೇಹವಿದ್ದರೆ ಮತ್ತೊಮ್ಮೆ ಚಿತ್ರ ತೆಗೆಯಬೇಕು. ಮೊಬೈಲಿನ ಅಂಗೈಯಗಲದ ಪರದೆ ಇದಕ್ಕೆ ಸಾಲದು. ಆದುದರಿಂದ ಅಣ್ಣ ಕೊಟ್ಟ ಲ್ಯಾಪ್‌ಟಾಪನ್ನು ಪ್ರತಿ ಭಾನುವಾರವೂ ಹೊತ್ತೊಯ್ಯುತ್ತಿದ್ದೆ. ವೀರಗಲ್ಲುಗಳೇನು ಬಸ್ ನಿಲ್ಲುವ ಕಡೆಯಲ್ಲಿ ಕಾದುಕೊಂಡಿರುತ್ತವೆಯೆ? ಒಂದು ಕೆರೆ ಏರಿಯ ಆಚೆ, ಇನ್ನೊಂದು ಯಾರದೋ ಗದ್ದೆಯ ಬದುವಿನಲ್ಲಿ. ನಾಲ್ಕನೆಯ ಭಾನುವಾರ ಸಂಜೆ ಮನೆಗೆ ಬಂದಾಗ ಬಲಗೈಯನ್ನು ತಲೆ ಬಾಚುವಷ್ಟು ಎತ್ತರಕ್ಕೂ ಎತ್ತಲಾಗಲಿಲ್ಲ. ವೈದ್ಯರು, "ಚೀಲವನ್ನಾದರೂ ಬಿಡು, ಇಲ್ಲ ತಿರುಗಾಟವನ್ನಾದರೂ ಬಿಡಮ್ಮಾ" ಎಂದರು. ಪ್ರಬಂಧವನ್ನು ಒಪ್ಪಿಸಲು ಆಗ ಉಳಿದಿದ್ದುದು ಏಳು ವಾರ.

ಶಾಲೆಯ ಮಕ್ಕಳ ವಿಷಯದಲ್ಲಿ, ಚೀಲದ ತೂಕ ಮಗುವಿನ ದೇಹದ ತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂದು ೨೦೨೦ರ ರಾಷ್ಟ್ರೀಯ ಶಾಲಾಚೀಲ ನೀತಿ ಹೇಳುತ್ತದೆ. ಕಾಲೇಜಿನವರ ಬೆನ್ನನ್ನು ಕುರಿತು ಯಾವ ನೀತಿಯೂ ಮಾತನಾಡಿದಂತಿಲ್ಲ. ಆದರೂ ಆ ಲೆಕ್ಕವನ್ನೇ ನನಗೆ ಅನ್ವಯಿಸಿಕೊಂಡೆ. ನನ್ನ ತೂಕ ೪೬ ಕಿಲೋ; ನಾನು ಹೊರಬಹುದಾದದ್ದು ೪ ಕಿಲೋ ೬೦೦ ಗ್ರಾಂ. ಅದರಲ್ಲಿ ಒಂದು ಲೀಟರ್ ನೀರಿಗೆ ಒಂದು ಕಿಲೋ ಹೋಯಿತು. ಬುತ್ತಿ, ಟಿಪ್ಪಣಿ ಪುಸ್ತಕ, ಕೊಡೆ ಇವುಗಳಿಗೆ ಇನ್ನೊಂದು ಕಿಲೋ. ಲ್ಯಾಪ್‌ಟಾಪಿಗೂ ಅದರ ಪರಿವಾರಕ್ಕೂ ಉಳಿದದ್ದು ೨ ಕಿಲೋ ೬೦೦ ಗ್ರಾಂ.

ಅದು ನಿಜವಾಗಿ ತೂಗುತ್ತಿದ್ದುದು ಎಷ್ಟು? ಈ ಪ್ರಶ್ನೆಯನ್ನು ನಾನು ಅದುವರೆಗೆ ಕೇಳಿಕೊಂಡೇ ಇರಲಿಲ್ಲ. ಮರುದಿನ ಎಲ್ಲವನ್ನೂ ನಮ್ಮೂರಿನ ದಿನಸಿ ಅಂಗಡಿಗೆ ಒಯ್ದು, ಬೇಳೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟೆ. ಅಂಗಡಿಯವರು ಕುತೂಹಲದಿಂದ ನೋಡಿ, "ಏನಮ್ಮಾ, ಕೇಜಿ ಲೆಕ್ಕದಲ್ಲಿ ಮಾರ್ತೀಯೇನು?" ಎಂದು ಕೇಳಿದರು. ಈ ಲೇಖನದಲ್ಲಿ ಬರುವ ಅಂಕಿಗಳೆಲ್ಲ ಆ ತಕ್ಕಡಿ ಹೇಳಿದವು. ಐದು ಹತ್ತು ಗ್ರಾಂ ಹೆಚ್ಚುಕಡಿಮೆ ಇದ್ದೀತು.

ಯಂತ್ರವು ೨೦೧೧ರಲ್ಲಿ ಬಂದ ಥಿಂಕ್‌ಪ್ಯಾಡ್ ಟಿ ೪೨೦. ಹದಿನಾಲ್ಕು ಅಂಗುಲದ ಪರದೆ, ಹಿಂದೆ ಬಾಲದಂತೆ ಚಾಚಿಕೊಂಡಿರುವ ಒಂಬತ್ತು ಸೆಲ್ಲಿನ ಬ್ಯಾಟರಿ, ಬಲಮಗ್ಗುಲಿಗೆ ಡಿವಿಡಿ ಡ್ರೈವ್. ಯಂತ್ರವೊಂದೇ ೨ ಕಿಲೋ ೪೦೫ ಗ್ರಾಂ. ಚಾರ್ಜರ್ ಮತ್ತು ಅದರ ಮೂರು ಮುಳ್ಳಿನ ದಪ್ಪ ತಂತಿ ಸೇರಿ ೪೯೦. ಮೌಸ್ ೧೦೦. ಇನ್ನು ಆಶ್ಚರ್ಯವೆಂದರೆ, ಎಲ್ಲವನ್ನೂ ಹೊರಗೆ ತೆಗೆದಮೇಲೆ ಬರಿದಾದ ಚೀಲವನ್ನು ಇಟ್ಟರೆ ಅದೇ ೧ ಕಿಲೋ ೧೦೦ ಗ್ರಾಂ! ಒಟ್ಟು ೪ ಕಿಲೋ ೯೫ ಗ್ರಾಂ. ಹೊರಬಹುದಾದುದಕ್ಕಿಂತ ಸುಮಾರು ಒಂದೂವರೆ ಕಿಲೋ ಹೆಚ್ಚು.

ಹಗುರವೆಂಬ ಮಾತಿನ ಅರ್ಥ ಕಾಲಕಾಲಕ್ಕೆ ಬದಲಾಗಿದೆ ಎಂಬುದನ್ನು ಇಲ್ಲಿ ನೆನೆಯಬಹುದು. ೧೯೮೧ರಲ್ಲಿ ಆಸ್‌ಬಾರ್ನ್ ೧ ಎಂಬ ಕಂಪ್ಯೂಟರು ಕೈಯಲ್ಲಿ ಹಿಡಿದು ಒಯ್ಯಬಹುದಾದದ್ದೆಂದು ಮಾರಾಟಕ್ಕೆ ಬಂದಾಗ ಅದರ ತೂಕ ಸುಮಾರು ೧೧ ಕಿಲೋ. ೧೯೯೨ರಲ್ಲಿ ಬಂದ ಮೊದಲ ಥಿಂಕ್‌ಪ್ಯಾಡುಗಳಲ್ಲಿ ೭೦೦ ಸಿ ಎಂಬುದು ಮೂರು ಕಿಲೋವಿಗೆ ಹತ್ತಿರ. ೨೦೦೮ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಮ್ಯಾಕ್‌ಬುಕ್ ಏರ್ ಎಂಬ ಯಂತ್ರವನ್ನು ಕಾಗದದ ಲಕೋಟೆಯಿಂದ ಹೊರತೆಗೆದು ತೋರಿಸಿದರು. ಅದರ ತೂಕ ೧ ಕಿಲೋ ೩೬೦ ಗ್ರಾಂ. ಅಷ್ಟು ಹಗುರ ಮಾಡಲು ಅವರು ಕೈಬಿಟ್ಟವುಗಳಲ್ಲಿ ಡಿವಿಡಿ ಡ್ರೈವ್ ಮುಖ್ಯವಾದದ್ದು. ಆಗ ಅನೇಕರು ಆಕ್ಷೇಪಿಸಿದರು. ಈಗ ಅದನ್ನು ಹುಡುಕುವವರೇ ಇಲ್ಲ. ಅಂದಮೇಲೆ ಕಾರ್ಖಾನೆಯವರು ಮಾಡಿದ ಕೆಲಸವನ್ನೇ ನಾವು ಒಂದು ಸ್ಕ್ರೂಡ್ರೈವರ್ ಹಿಡಿದು, ಸ್ವಲ್ಪ ಮಟ್ಟಿಗೆ, ಮನೆಯಲ್ಲಿ ಮಾಡಬಹುದು.

ನಾನು ಮೊದಲು ಕೈಹಾಕಿದ್ದೂ ಆ ಡ್ರೈವಿಗೇ. ಈ ಯಂತ್ರದಲ್ಲಿ ಅದಕ್ಕೆ ಸ್ಕ್ರೂಡ್ರೈವರೂ ಬೇಡ. ಮಗ್ಗುಲಲ್ಲಿರುವ ಚಿಲಕವನ್ನು ಸರಿಸಿ ಎಳೆದರೆ ಪೆಟ್ಟಿಗೆಯ ಸೇದುಹಲಗೆಯಂತೆ ಹೊರಗೆ ಬರುತ್ತದೆ. ತೂಕ ೧೭೫ ಗ್ರಾಂ. ಮೂರು ವರ್ಷದಲ್ಲಿ ನಾನು ಅದರೊಳಗೆ ಒಂದೇ ಒಂದು ಡಿಸ್ಕನ್ನೂ ಹಾಕಿರಲಿಲ್ಲ. ಹಿಗ್ಗಿನಿಂದ ಖಾಲಿ ಬಾಯನ್ನು ಹಾಗೆಯೇ ಬಿಟ್ಟು ಮುಂದಿನ ಭಾನುವಾರ ಹೊರಟೆ. ಬಸ್ಸಿನಲ್ಲಿ ನೂಕುನುಗ್ಗಲು, ಚೀಲ ಯಾರದೋ ಮಂಡಿಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಇಳಿದು ತೆರೆದು ನೋಡಿದರೆ ಬಲಗೈ ಊರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ಆಗ ಅರ್ಥವಾಯಿತು: ಡ್ರೈವು ಡಿಸ್ಕನ್ನು ಓದುವುದಷ್ಟೇ ಅಲ್ಲದೆ ಮೇಲಿನ ಹಲಗೆಗೆ ಊರುಗೋಲಾಗಿಯೂ ಇತ್ತು. ಇಂಥ ಯಂತ್ರಗಳಿಗೆ ಡ್ರೈವಿನ ಬದಲು ತುಂಬುವ ಟೊಳ್ಳು ಪ್ಲಾಸ್ಟಿಕ್ ಅಚ್ಚು ಸಿಗುತ್ತದೆ. ಅದರ ತೂಕ ೩೦ ಗ್ರಾಂ. ಅದನ್ನು ತರಿಸಿ ಹಾಕಿದ ಮೇಲೆ ಹಲಗೆ ಬಾಗುವುದು ನಿಂತಿತು. ಬಿರುಕು ಮಾತ್ರ ಹಾಗೆಯೇ ಇದೆ. ಅಣ್ಣನಿಗೆ ಈ ಸಂಗತಿ ಈ ವಾರ್ಷಿಕ ಸಂಚಿಕೆಯಿಂದಲೇ ತಿಳಿಯಬೇಕು.

ಹಾರ್ಡ್ ಡಿಸ್ಕಿನ ಕಥೆ ಬೇರೆ. ಹಳೆಯ ಬಗೆಯ ಡಿಸ್ಕಿನೊಳಗೆ ಕನ್ನಡಿಯಂಥ ಬಿಲ್ಲೆಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಕೂದಲಿಗಿಂತಲೂ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಇದು ೧೧೦ ಗ್ರಾಂ. ಇದರ ಜಾಗಕ್ಕೆ ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಹಾಕಿದರೆ ೪೫ ಗ್ರಾಂ. ಉಳಿದದ್ದು ೬೫ ಗ್ರಾಂ, ಒಂದು ಕೋಳಿಮೊಟ್ಟೆಯ ತೂಕ. ಇಷ್ಟಕ್ಕಾಗಿ ಹಣ ಸುರಿಯಬೇಕೆ ಎಂದು ಕೇಳಬಹುದು. ತೂಕಕ್ಕಾಗಿ ಮಾತ್ರವಾದರೆ ಬೇಡವೆಂದೇ ನನ್ನ ಅಭಿಪ್ರಾಯ. ಆದರೆ ನಮ್ಮ ರಸ್ತೆಗಳ ಗುಂಡಿಗಳನ್ನು ಬಲ್ಲವರು, ಕೆಲಸ ನಡೆಸುತ್ತಿರುವಾಗ ಡಿಸ್ಕಿಗೆ ಬೀಳುವ ಒಂದು ಕುಲುಕು ಏನು ಮಾಡಬಲ್ಲದೆಂಬುದನ್ನು ಊಹಿಸಬಲ್ಲರು. ಜೊತೆಗೆ ಎಸ್‌ಎಸ್‌ಡಿ ಹಾಕಿದ ಹಳೆಯ ಯಂತ್ರ ಚುರುಕಾಗುತ್ತದೆ. ಬದಲಾಯಿಸುವ ಮುನ್ನ ಚಾರ್ಜರನ್ನೂ ಬ್ಯಾಟರಿಯನ್ನೂ ತೆಗೆದು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿಕೆ ವಿದ್ಯುತ್ತನ್ನು ಖಾಲಿಮಾಡಬೇಕು. ಅದಕ್ಕೂ ಮುನ್ನ ಡಿಸ್ಕಿನಲ್ಲಿರುವುದೆಲ್ಲದರ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡಿರಬೇಕು. ವಿಂಡೋಸ್ ೧೦ಕ್ಕೆ ಉಚಿತವಾಗಿ ಒದಗುತ್ತಿದ್ದ ಸಾಮಾನ್ಯ ಭದ್ರತಾ ದುರಸ್ತಿಗಳು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದದ್ದರಿಂದ, ಮತ್ತು ಇಷ್ಟು ಹಳೆಯ ಯಂತ್ರಕ್ಕೆ ವಿಂಡೋಸ್ ೧೧ರಲ್ಲಿ ಅಧಿಕೃತ ಪ್ರವೇಶವಿಲ್ಲದ್ದರಿಂದ, ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕಿದೆ. ಅದಕ್ಕೆ ತೂಕವೇನೂ ಇಲ್ಲ.

ಬ್ಯಾಟರಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇದರೊಳಗಿರುವುದು ೧೮ ಮಿಲಿಮೀಟರ್ ದಪ್ಪ, ೬೫ ಮಿಲಿಮೀಟರ್ ಉದ್ದದ ಉರುಳೆಯಾಕಾರದ ಲಿಥಿಯಂ ಅಯಾನ್ ಸೆಲ್ಲುಗಳು. ಒಂದೊಂದರ ತೂಕ ಸುಮಾರು ೪೫ ಗ್ರಾಂ. ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು ೧೧ ವೋಲ್ಟ್ ಒದಗುತ್ತದೆ. ಅಂಥ ಎರಡು ಸಾಲು ಸೇರಿದರೆ ಆರು ಸೆಲ್ಲಿನ ಬ್ಯಾಟರಿ, ಮೂರು ಸಾಲು ಸೇರಿದರೆ ಒಂಬತ್ತು ಸೆಲ್ಲಿನದು. ನನ್ನದು ಒಂಬತ್ತರದು, ೫೦೦ ಗ್ರಾಂ. ಹಾಗಾದರೆ ಒಡೆದು ಒಂದು ಸಾಲನ್ನು ತೆಗೆದುಬಿಟ್ಟರೆ ಆಯಿತಲ್ಲ ಎಂಬ ಬುದ್ಧಿವಂತಿಕೆ ನನಗೆ ಹೊಳೆಯಿತು. ಸದ್ಯ, ಅದನ್ನು ಮಾಡುವ ಮುನ್ನ ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ ಕಲಿಸಿದ ಮೇಷ್ಟ್ರ ಬಳಿ ಹೇಳಿದೆ. ಅವರು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟು, "ನಿಮ್ಮ ಮನೆಗೆ ಹೆಂಚು ಹೊದಿಸಿದ್ದೀರೋ, ಹುಲ್ಲೋ?" ಎಂದು ಕೇಳಿದರು. ಸೆಲ್ಲುಗಳನ್ನು ಒಂದಕ್ಕೊಂದು ಬೆಸೆದಿರುತ್ತಾರೆ. ಕಿತ್ತಾಗ ತುದಿಗಳು ತಾಗಿದರೆ, ಚೂಪು ಉಪಕರಣ ಚುಚ್ಚಿದರೆ ಒಳಗೇ ಕಾವು ಹುಟ್ಟಿ, ಆ ಕಾವು ಮತ್ತಷ್ಟು ಕಾವನ್ನು ಹುಟ್ಟಿಸಿ ಬೆಂಕಿಯಾಗುತ್ತದೆ. ನೀರಿನ ಬಿಂದಿಗೆಗೆ ಸುಲಭವಾಗಿ ಬಗ್ಗುವ ಬೆಂಕಿಯೂ ಅಲ್ಲ. ಒಳಗಿರುವ ಕಾವಲು ಮಂಡಲವು ಆಮೇಲೆ ಆ ಬ್ಯಾಟರಿಯನ್ನು ಒಪ್ಪುತ್ತದೆಂಬ ನಂಬಿಕೆಯೂ ಇಲ್ಲ. ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬಾರದು. ಇದರಲ್ಲಿ ಎರಡನೆಯ ಮಾತಿಲ್ಲ.

ಮೇಷ್ಟ್ರು ಅಷ್ಟಕ್ಕೇ ಬಿಡದೆ ಮತ್ತೊಂದು ಪ್ರಶ್ನೆ ಹಾಕಿದರು: "ಅದರಲ್ಲಿ ಈಗ ಎಷ್ಟು ನಿಲ್ಲುತ್ತೆ, ನೋಡಿದ್ದೀಯಾ?" ನಾನು ನೋಡಿರಲಿಲ್ಲ. ಲಿನಕ್ಸಿನಲ್ಲಿಯೂ ವಿಂಡೋಸಿನಲ್ಲಿಯೂ ಇದನ್ನು ತಿಳಿಯಲು ಅನುಕೂಲವಿದೆ. ಹೊಸದಾಗಿದ್ದಾಗಿನ ಧಾರಣಶಕ್ತಿ, ಈಗಿನ ಧಾರಣಶಕ್ತಿ ಎರಡನ್ನೂ ಯಂತ್ರ ಹೇಳುತ್ತದೆ. ನನ್ನದು ಹುಟ್ಟುವಾಗ ೯೪ ವ್ಯಾಟ್‌ಗಂಟೆ, ಈಗ ೪೧. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗಿದೆ, ತೂಕ ಒಂದು ಗ್ರಾಂ ಕೂಡ ಇಳಿದಿಲ್ಲ! ಬಡವಾದ ಎತ್ತು ತೂಕದಲ್ಲಿಯಾದರೂ ಬಡವಾಗುತ್ತದೆ. ಬ್ಯಾಟರಿಗೆ ಆ ನ್ಯಾಯವಿಲ್ಲ. ಆರು ಸೆಲ್ಲಿನ ಹೊಸ ಬ್ಯಾಟರಿ ೫೭ ವ್ಯಾಟ್‌ಗಂಟೆಯದು, ತೂಕ ೩೨೫ ಗ್ರಾಂ. ಓದುಬರಹದ ಸಾಧಾರಣ ಕೆಲಸದಲ್ಲಿ ನನ್ನ ಯಂತ್ರ ಸುಮಾರು ೧೨ ವ್ಯಾಟ್ ಬಳಸುತ್ತದೆ. ಹಳೆಯ ದೊಡ್ಡ ಬ್ಯಾಟರಿಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ನಡೆಯುತ್ತಿದ್ದದ್ದು ಹೊಸ ಚಿಕ್ಕದರಲ್ಲಿ ನಾಲ್ಕೂಮುಕ್ಕಾಲು ಗಂಟೆ ನಡೆಯಿತು. ೧೭೫ ಗ್ರಾಂ ಕಳೆದು ಸಮಯವನ್ನು ಗಳಿಸಿದಂತಾಯಿತು. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಆರು ಸೆಲ್ಲುಗಳೇ ೨೭೦ ಗ್ರಾಂ ಆಗುವುದರಿಂದ, ಆರು ಸೆಲ್ಲಿನದೆಂದು ಕೊಡುವ ಬ್ಯಾಟರಿ ಅದಕ್ಕಿಂತ ಬಹಳ ಕಡಿಮೆ ತೂಗಿದರೆ ಹಿಂದಿರುಗಿಸುವುದು ಮೇಲು. ಇಲ್ಲಿ ಮಾತ್ರ ಹಗುರವಾಗಿರುವುದು ಒಳ್ಳೆಯ ಲಕ್ಷಣವಲ್ಲ.

ವಿಮಾನದಲ್ಲಿ ಹೋಗುವವರು ಬ್ಯಾಟರಿಯ ಮೇಲೆ ಅಚ್ಚಾಗಿರುವ ವ್ಯಾಟ್‌ಗಂಟೆಯನ್ನೂ ಓದಿಕೊಳ್ಳಬೇಕು. ನೂರರವರೆಗೆ ತೊಂದರೆಯಿಲ್ಲ, ನೂರರಿಂದ ನೂರ ಅರವತ್ತರವರೆಗೆ ವಿಮಾನ ಕಂಪನಿಯ ಅನುಮತಿ ಬೇಕು, ಬಿಡಿಯಾಗಿ ಒಯ್ಯುವ ಬ್ಯಾಟರಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಇನ್ನು ಚಾರ್ಜರ್. ಯಂತ್ರವನ್ನು ಹಗುರ ಮಾಡಬೇಕೆಂದು ಯೋಚಿಸುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಟ್ಟಿಗೆಯಂಥ ಆ ಡಬ್ಬಿಯ ಕೆಲಸವೇನೆಂದರೆ, ಗೋಡೆಯಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ೨೦ ವೋಲ್ಟಿಗೆ ಇಳಿಸುವುದು. ಒಳಗೆ ಟ್ರಾನ್ಸಿಸ್ಟರುಗಳು ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ಕಡಿದು ಕಡಿದು ಒಂದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತವೆ. ಒಂದೇ ಸಲ ದೊಡ್ಡ ಕೊಡದಲ್ಲಿ ನೀರು ಹೊರುವುದಕ್ಕೂ ಸಣ್ಣ ತಂಬಿಗೆಯಲ್ಲಿ ಬೇಗ ಬೇಗ ಓಡಾಡಿ ಹೊರುವುದಕ್ಕೂ ಇರುವ ವ್ಯತ್ಯಾಸವನ್ನು ನೆನೆಯಿರಿ: ಕಡಿಯುವ ವೇಗ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾಗಬಹುದು. ಸಿಲಿಕಾನಿಗಿಂತ ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನ ಟ್ರಾನ್ಸಿಸ್ಟರು ಹೆಚ್ಚು ವೇಗವಾಗಿ, ಕಡಿಮೆ ಕಾವಿನಿಂದ ಈ ಕೆಲಸ ಮಾಡುತ್ತದೆ. ಈಚಿನ ೬೫ ವ್ಯಾಟಿನ ಚಾರ್ಜರುಗಳು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾಗಿರುವುದಕ್ಕೆ ಇದೇ ಕಾರಣ. ಆದರೆ ಅವುಗಳ ಬಾಯಿ ಟೈಪ್ ಸಿ ಬಗೆಯದು. ನಮ್ಮ ಹಳೆಯ ಯಂತ್ರದ್ದು ದುಂಡಗಿನದು. ಇವೆರಡನ್ನೂ ಕೂಡಿಸುವ ತಂತಿ ಸಿಗುತ್ತದೆ. ಅದರ ತುದಿಯಲ್ಲಿರುವ ಸಣ್ಣ ಚಿಪ್ಪು ಚಾರ್ಜರಿನೊಡನೆ ಮಾತನಾಡಿ ೨೦ ವೋಲ್ಟನ್ನು ಕೇಳಿ ಪಡೆಯುತ್ತದೆ. ಕೇಳದಿದ್ದರೆ ಚಾರ್ಜರ್ ಐದೇ ವೋಲ್ಟ್ ಕೊಟ್ಟು ಸುಮ್ಮನಿರುತ್ತದೆ. ನನ್ನ ಯಂತ್ರಕ್ಕೆ ೨೦ ವೋಲ್ಟ್, ೩.೨೫ ಆಂಪಿಯರ್, ಎಂದರೆ ೬೫ ವ್ಯಾಟ್ ಸಾಕು. ಚಿತ್ರಗಳಿಗಾಗಿ ಬೇರೆ ಗ್ರಾಫಿಕ್ಸ್ ಚಿಪ್ಪು ಇರುವ ಯಂತ್ರಗಳಿಗೆ ಸಾಲದೆ ಹೋಗಬಹುದು. ಯಂತ್ರದ ಅಡಿಯಲ್ಲಿ ಬರೆದಿರುವ ವೋಲ್ಟನ್ನೂ ಆಂಪಿಯರನ್ನೂ ಓದದೆ ಯಾರೂ ಕೊಳ್ಳಬಾರದು. ಕೆಲವು ತಯಾರಕರ ಯಂತ್ರಗಳು ತಮ್ಮ ಚಾರ್ಜರನ್ನು ಗುರುತಿಸಲಾಗದಿದ್ದರೆ ಬ್ಯಾಟರಿಯನ್ನು ತುಂಬಿಸಲು ಒಪ್ಪುವುದೇ ಇಲ್ಲ. ಹೊಸ ಚಾರ್ಜರೂ ತಂತಿಯೂ ಸೇರಿ ೧೭೦ ಗ್ರಾಂ. ೩೨೦ ಗ್ರಾಂ ಉಳಿಯಿತು, ಮೊಬೈಲಿನ ಚಾರ್ಜರನ್ನು ಬೇರೆ ಒಯ್ಯುವುದೂ ತಪ್ಪಿತು.

ಇದನ್ನು ಕೊಳ್ಳುವ ಮೊದಲು ಒಂದು ಭಾನುವಾರ ಚಾರ್ಜರನ್ನೇ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಅಕ್ಷರಗಳು ಸವೆದ ಒಂದು ಕಲ್ಲಿನ ಮುಂದೆ, ಬಿಸಿಲು ಓರೆಯಾಗಿ ಬಿದ್ದು ಸಾಲುಗಳು ಸ್ಪಷ್ಟವಾಗುತ್ತಿದ್ದ ಹೊತ್ತಿಗೆ ಸರಿಯಾಗಿ ಯಂತ್ರ ಆರಿತು. ಹತ್ತಿರದ ಮನೆಯವರು ಪ್ಲಗ್ಗು ಕೊಡಲು ಸಿದ್ಧರಿದ್ದರು, ಕಾಫಿಯನ್ನೂ ಕೊಟ್ಟರು. ಸಿಕ್ಕಿಸಲು ನನ್ನ ಬಳಿ ಏನೂ ಇರಲಿಲ್ಲ.

ಚೀಲದ ವಿಷಯ ಬೇಗ ಮುಗಿಯುತ್ತದೆ. ಲ್ಯಾಪ್‌ಟಾಪಿನದೆಂದೇ ಮಾರುವ ಚೀಲದಲ್ಲಿ ಹತ್ತು ಜೇಬು, ಹದಿನೈದು ಜಿಪ್ಪು, ನಾಲ್ಕೂ ಕಡೆ ಮೆತ್ತೆ. ಅದನ್ನು ಬಿಟ್ಟು ಎರಡು ಹೆಗಲಿನ ಸಾದಾ ಕ್ಯಾನ್ವಾಸ್ ಚೀಲ ತೆಗೆದುಕೊಂಡೆ; ಅಮ್ಮ ಹಳೆಯ ಕಂಬಳಿಯ ತುಂಡಿನಿಂದ ಯಂತ್ರಕ್ಕೆ ಒಂದು ಗವಸು ಹೊಲಿದುಕೊಟ್ಟರು. ಎರಡೂ ಸೇರಿ ೫೦೦ ಗ್ರಾಂ. ಮಳೆಗಾಲಕ್ಕೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಚೆನ್ನಾಗಿ ತೊಳೆದು ಸುತ್ತಿದರೆ ಸಾಕು, ಅದರ ತೂಕ ತಕ್ಕಡಿಗೆ ತಿಳಿಯುವುದೇ ಇಲ್ಲ. ಯಂತ್ರ ಬೆನ್ನಿಗೆ ತಾಗಿಕೊಂಡಿರುವಂತೆ ಇಟ್ಟು, ನೀರು ಬುತ್ತಿಗಳನ್ನು ಅದರ ಆಚೆಗೆ ಇಡಬೇಕು. ತೂಕ ಹಿಂದಕ್ಕೆ ಜಗ್ಗಿದಷ್ಟೂ ಹೆಗಲು ಮುಂದಕ್ಕೆ ಬಾಗುತ್ತದೆ. ಮೌಸನ್ನು ಮನೆಯಲ್ಲಿ ಬಿಟ್ಟೆ. ಕೀಲಿಮಣೆಯ ನಡುವಿನ ಕೆಂಪು ಗುಂಡಿಯನ್ನು ಬೆರಳಿನಿಂದ ತಳ್ಳಿ ಕೆಲಸ ಮಾಡಲು ಒಂದು ವಾರದ ಅಭ್ಯಾಸ ಬೇಕಾಯಿತು.

ಈಗ ಲೆಕ್ಕ ಕೂಡಿಸೋಣ. ಯಂತ್ರ ೨ ಕಿಲೋ ೨೦ ಗ್ರಾಂ, ಚಾರ್ಜರ್ ೧೭೦, ಚೀಲ ೫೦೦. ಒಟ್ಟು ೨ ಕಿಲೋ ೬೯೦ ಗ್ರಾಂ. ಮೊದಲಿದ್ದುದಕ್ಕಿಂತ ೧ ಕಿಲೋ ೪೦೫ ಗ್ರಾಂ ಕಡಿಮೆ. ಈ ಕಡಿತದಲ್ಲಿ ಯಂತ್ರವನ್ನು ತೆರೆದು ಬಿಚ್ಚಿ ಪಡೆದದ್ದು ೩೮೫ ಗ್ರಾಂ ಮಾತ್ರ. ಮಿಕ್ಕ ೧ ಕಿಲೋ ೨೦ ಗ್ರಾಂ ಚೀಲ, ಚಾರ್ಜರ್, ಮೌಸುಗಳಿಂದ ಬಂದದ್ದು. ನಾನು ಆರಂಭಿಸಿದ್ದು ಸ್ಕ್ರೂಡ್ರೈವರಿನಿಂದ, ಆರಂಭಿಸಬೇಕಾಗಿದ್ದುದು ಚೀಲದಿಂದ. ಕೈಯಲ್ಲಿ ಹಣವಿಲ್ಲದ ಮಿತ್ರರು ಚೀಲ, ಮೌಸು, ಡಿವಿಡಿ ಡ್ರೈವು ಈ ಮೂರನ್ನು ಮೊದಲು ನೋಡಲಿ. ಆಮೇಲೆ ಚಾರ್ಜರ್, ಬ್ಯಾಟರಿ ಸವೆದಿದ್ದರೆ ಅದು, ಕೊನೆಗೆ ಎಸ್‌ಎಸ್‌ಡಿ.

ಇನ್ನೂ ಒಳಕ್ಕೆ ಹೋಗುವ ಆಸೆ ನನಗಿತ್ತು. ತಳದ ಮುಚ್ಚಳವನ್ನು ಕೊರೆದು ಹಗುರ ಮಾಡಿದವರೂ, ಬಳಸದ ಸಣ್ಣಪುಟ್ಟ ಹಲಗೆಗಳನ್ನು ಕಿತ್ತವರೂ ಇದ್ದಾರೆ. ಹಾಗೆ ಸಿಗುವುದು ಹತ್ತಿಪ್ಪತ್ತು ಗ್ರಾಂ. ಒಳಗಿನ ಮೆಗ್ನೀಸಿಯಂ ಚೌಕಟ್ಟು, ತಾಮ್ರದ ಶಾಖವಾಹಕ, ಫ್ಯಾನು, ಪರದೆಯ ಉಕ್ಕಿನ ಕೀಲುಗಳು ಇವು ಭಾರವೇನೋ ಹೌದು; ಹದಿನೈದು ವರ್ಷ ಯಂತ್ರವನ್ನು ಉಳಿಸಿದ್ದೂ ಅವೇ. ಬಿರುಕು ಬಿಟ್ಟ ಹಲಗೆಯನ್ನು ದಿನವೂ ನೋಡುತ್ತಿರುವ ನಾನು ಅಲ್ಲಿಗೇ ನಿಲ್ಲಿಸಿದೆ. ಗುರಿಗಿಂತ ೯೦ ಗ್ರಾಂ ಹೆಚ್ಚಾಯಿತು. ಅಷ್ಟನ್ನು ನೀರಿನಲ್ಲಿ ಕಡಿಮೆ ಮಾಡಿಕೊಂಡೆ. ಹಳ್ಳಿಗಳಲ್ಲಿ ಕೇಳಿದರೆ ನೀರು ಕೊಡದವರಿಲ್ಲ.

ಉಳಿದ ಐದು ಭಾನುವಾರಗಳಲ್ಲಿ ಹನ್ನೊಂದು ಕಲ್ಲುಗಳನ್ನು ನೋಡಿ ಮುಗಿಸಿದೆ. ತೆಗೆದ ಡ್ರೈವು, ಹಳೆಯ ಡಿಸ್ಕು, ಸ್ಕ್ರೂಗಳನ್ನು ಹೆಸರು ಬರೆದ ಚೀಟಿಗಳೊಡನೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ದೀಪಾವಳಿಗೆ ಬಂದ ಅಣ್ಣ ಯಂತ್ರವನ್ನು ಎತ್ತಿ ನೋಡಿ, "ಇದೇನೇ, ಒಳಗೆ ಏನೂ ಇಲ್ವಾ?" ಎಂದ. ಡಬ್ಬಿಯನ್ನು ತಂದು ಮುಂದಿಟ್ಟೆ.